ರೂಟರ್ ಭಾವ

ಮದುವೆ ಮನೆಯಲ್ಲಿ ಎಲೆಗೆ ಕೋಸಂಬರಿ ಬೀಳುವ ಮುಂಚೆಯೇ "ನಿಮ್ಮ ವೈಫೈ ಪಾಸ್‌ವರ್ಡ್ ಬದಲಾಯಿಸಿ ಎಷ್ಟು ದಿನ ಆಯ್ತು?" ಎಂದು ವಿಚಾರಿಸುವವರೊಬ್ಬರು ನಿಮ್ಮ ಬಳಗದಲ್ಲೂ ಇದ್ದಾರು. ನಮ್ಮಲ್ಲಿ ಅವರು ರೂಟರ್ ಭಾವ.

ಮನೆಯ ಇಂಟರ್ನೆಟ್ಟನ್ನು ಯಾರೋ ಕದ್ದು ನೋಡುತ್ತಿದ್ದಾರೆಂಬುದು ಭಾವನ ದೃಢ ನಂಬಿಕೆ. ಅಲ್ಲಿ ನೋಡುವುದಕ್ಕೆ ಇರುವುದು ಅವರ ತಾಯಿಯ ಧಾರಾವಾಹಿ, ಅಕ್ಕನ ಬ್ಲೌಸ್ ಡಿಸೈನು, ಮಗನ ಕ್ರಿಕೆಟ್ ಸ್ಕೋರು. ಆದರೂ ಬಿಡಲಿಲ್ಲ. ಒಂದೊಂದು ಫೋನಿಗೂ ವಿಪಿಎನ್ ಹಾಕುವುದು ದಡ್ಡರ ಕೆಲಸವಂತೆ. ರೂಟರಿಗೇ ಹಾಕಿಬಿಟ್ಟರೆ ಟಿವಿಯಿಂದ ಹಿಡಿದು ಸ್ಮಾರ್ಟ್ ಬಲ್ಬಿನವರೆಗೆ ಎಲ್ಲವೂ ಒಂದೇ ಸುರಂಗದಲ್ಲಿ ಗುಟ್ಟಾಗಿ ಹೋಗುತ್ತವೆ. ಇಂಟರ್ನೆಟ್ ಕಂಪನಿಗೆ ಕಾಣದ್ದು ವಿಪಿಎನ್ ಕಂಪನಿಗೆ ಕಾಣುವುದಿಲ್ಲವೇ ಎಂದರೆ, "ನೋಡಲ್ಲ ಅಂತ ಅವರೇ ಬರೆದಿದಾರಲ್ಲ!" ಎನ್ನುತ್ತಾರೆ.

ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಸ್ಟೂಲ್ ಹತ್ತಿದರು. "ಬಂತೇನ್ರೀ?" ಎಂದು ಅಕ್ಕ ಕೇಳಿದಾಗಲೆಲ್ಲ ಮೇಲಿನಿಂದ "ಹ್ಞೂಂ ಹ್ಞೂಂ" ಎಂಬ ಟಾರ್ಚಿನ ಉತ್ತರ. ಮೊದಲು ಓಪನ್‌ವಿಪಿಎನ್. ರೂಟರಿನ ಬಡಪಾಯಿ ಪ್ರೊಸೆಸರು ಗೂಢಲಿಪಿ ಬರೆಯುವುದರಲ್ಲೇ ಸುಸ್ತಾಗಿ 100 ಎಂಬಿಪಿಎಸ್ ಲೈನು 15ಕ್ಕೆ ಇಳಿಯಿತು. ಆಮೇಲೆ ವೈರ್‌ಗಾರ್ಡ್. 2020ರಲ್ಲಿ ಲಿನಕ್ಸ್ ಕರ್ನಲ್ಲಿಗೇ ಸೇರಿದ ಇದರ ಕೋಡು ಸುಮಾರು 4,000 ಸಾಲು ಮಾತ್ರ ಎಂಬುದು ಈಗ ನಮ್ಮನೆ ಹಾಲಿನವನಿಗೂ ಗೊತ್ತು.

ಸುರಂಗದ ಆಚೆ ತುದಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೆರೆದುಕೊಂಡಿತು. ಗೂಗಲ್ ಡಚ್ ಮಾತಾಡತೊಡಗಿತು. ಧಾರಾವಾಹಿಯ ಆ್ಯಪು "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದಿತು. "ಲೋ, ನಾನು ಚಾಮರಾಜಪೇಟೆ ಬಿಟ್ಟು ಯಾವ ದೇಶಕ್ಕೆ ಹೋಗಿದೀನೋ?" ಎಂದು ತಾಯಿ ರಿಮೋಟ್ ಕುಕ್ಕಿದರು.

ಸರಿ, ಭಾರತದ ಸರ್ವರ್ ಹುಡುಕಾಟ. ಗ್ರಾಹಕರ ವಿವರಗಳನ್ನು 5 ವರ್ಷ ಕಾಪಿಡಬೇಕೆಂದು 2022ರಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿದ್ದೇ ತಡ, ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಮೊದಲಾದವು ಇಲ್ಲಿಂದ ಸರ್ವರುಗಳನ್ನು ಕಿತ್ತುಕೊಂಡು ಹೋಗಿದ್ದವು. ಕೊನೆಗೆ ಸಿಕ್ಕ ಭಾರತದ ವಿಳಾಸವೂ ಸಿಂಗಪುರದಲ್ಲಿ ಕೂತಿತ್ತು. ಬೆಂಗಳೂರಿನಲ್ಲೇ ತೆಗೆದ ಧಾರಾವಾಹಿ ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಮನೆಗೆ ಬಂತು, ಅದೂ ಆಗಾಗ ನಿಂತು. ಭಾವ ಇದನ್ನು ವಿಜಯವೆಂದೇ ಬರೆದುಕೊಂಡರು.

ಫೋನುಗಳು ಹೊರಗೆ ಹೋದಾಗಲೂ ಸುರಂಗ ಬಿಡದಿರಲೆಂದು ವೈರ್‌ಗಾರ್ಡಿನ ಕ್ಯೂಆರ್ ಕೋಡನ್ನು ದೊಡ್ಡದಾಗಿ ಮುದ್ರಿಸಿ ನಡುಮನೆಯ ಫ್ರಿಜ್ಜಿಗೆ ಅಂಟಿಸಿದ್ದಾರೆ. ಯಾರ ಕಣ್ಣಿಗೂ ಬೀಳಬಾರದ ಖಾಸಗಿ ಕೀ ಅದರೊಳಗೇ ಇದೆ. ಮೊನ್ನೆ ಅಕ್ಕನ ಸಂಗೀತದ ಪಾಠಕ್ಕೆ ಬರುವ ಹುಡುಗಿಯ ತಾಯಿ ಅದರ ಮುಂದೆ ಫೋನ್ ಹಿಡಿದು ಬೆವರುತ್ತಿದ್ದರು.

"ಮೇಡಂ, ಫೀಸು ಹೋಗ್ತಾನೇ ಇಲ್ಲ."

ಅಕ್ಕ ಶ್ರುತಿಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. "ಅದು ನಮ್ಮನೆಯವರ ಗುಟ್ಟು ಕಣ್ರೀ. ಫೀಸಿಂದು ಬಾಗಿಲ ಹಿಂದೆ ಇದೆ."