ಮೂವತ್ತು ಹಾಸಿಗೆಯ ಮಹಾಪ್ರಭುಗಳಿಗೆ

ನಮ್ಮ ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರದ ದಿವ್ಯ ಸನ್ನಿಧಾನಕ್ಕೆ, ಸುತ್ತಲ ಹಳ್ಳಿಗಳ ರೋಗಿಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ನಾವೆಲ್ಲ ಕ್ಷೇಮ. ಕ್ಷೇಮವಾಗಿರದೆ ವಿಧಿಯೂ ಇಲ್ಲ. ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ.

ಪ್ರಭು, ತಮ್ಮ ದೊಡ್ಡಸ್ತಿಕೆ ನಮಗೆ ತಿಳಿಯದ್ದಲ್ಲ. ಬಯಲುಸೀಮೆಯಲ್ಲಿ 1,20,000 ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ತಮ್ಮಂಥವರೊಬ್ಬರು ಇರಬೇಕೆಂಬುದು ಸರ್ಕಾರದ ಲೆಕ್ಕ. ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕೈಮೀರಿದ ಕೇಸುಗಳನ್ನೆಲ್ಲ ತಮ್ಮ ಪಾದಕ್ಕೇ ಒಪ್ಪಿಸಬೇಕು. ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳು, ಸಾಮಾನ್ಯ ವೈದ್ಯಕೀಯ, ಅರಿವಳಿಕೆ ಹೀಗೆ ಐವರು ತಜ್ಞರು ತಮ್ಮ ಆಸ್ಥಾನದಲ್ಲಿರಬೇಕು. ಗೋಡೆಯ ಬೋರ್ಡಿನಲ್ಲಿ ಐದು ಹುದ್ದೆಗಳೂ ಇವೆ, ಬಣ್ಣ ಮಾಸಿಲ್ಲ. ಹೆಸರಿನ ಜಾಗದಲ್ಲಿ ‘ಖಾಲಿ’ ಎಂದು ಬರೆಸಿರುವ ತಮ್ಮ ಪ್ರಾಮಾಣಿಕತೆಗೆ ಹರಿಶ್ಚಂದ್ರನೂ ತಲೆಬಾಗಬೇಕು.

ಹೆರಿಗೆ ಡಾಕ್ಟರು ಬಂದ ವರ್ಷ ನಾವು ಹಾರ ಹಾಕಿ ಸ್ವಾಗತಿಸಿದೆವು. ಅರಿವಳಿಕೆಯವರಿಲ್ಲದೆ ಸಿಸೇರಿಯನ್ ಆಗದು ಎಂಬ ಸೂಕ್ಷ್ಮವನ್ನು ಆಗ ತಾವು ನಮಗೆ ಕಲಿಸಿದಿರಿ. ಅರಿವಳಿಕೆಯವರು ಬಂದ ಕೂಡಲೇ ಹೆರಿಗೆ ಡಾಕ್ಟರನ್ನು ಪಕ್ಕದ ತಾಲ್ಲೂಕಿಗೆ ನಿಯೋಜನೆ ಮೇಲೆ ಕಳಿಸಿ, ಪಾಠವನ್ನು ಗಟ್ಟಿಮಾಡಿಸಿದಿರಿ. ಇಬ್ಬರೂ ಒಟ್ಟಿಗಿದ್ದ ಅಮೃತ ಘಳಿಗೆಯಲ್ಲಿ ರಕ್ತ ಸಂಗ್ರಹ ಘಟಕಕ್ಕೆ ಅನುಮತಿ ಬಂದಿರಲಿಲ್ಲ. ಹೀಗಾಗಿ ಆಶಾ ಕಾರ್ಯಕರ್ತೆ ಅಪರಾತ್ರಿಯಲ್ಲಿ ಕರೆತಂದ ಬಸುರಿಗೆ ತಾವು ದಯಪಾಲಿಸುವುದು ಒಂದೇ ಚಿಕಿತ್ಸೆ: “ಜಿಲ್ಲೆಗೆ ಬರೆದುಕೊಡ್ತೀವಿ.”

ಗದ್ದೆ ಕೊಯ್ಲಿನಲ್ಲಿ ಕೊಳಕುಮಂಡಲ ಕಚ್ಚಿದವನ ಮೇಲೂ ತಮ್ಮ ಕೃಪೆ ಅಪಾರ. ಅವನ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿದರೆ ವಿಷ ಏರಿದ್ದು ಗೊತ್ತಾಗುತ್ತದೆ. ಅದಕ್ಕೆ ಯಂತ್ರ ಬೇಡ, ಗಡಿಯಾರ ಸಾಕು. ಮದ್ದೂ ತಮ್ಮಲ್ಲೇ ಇದೆ, ಫ್ರಿಜ್ಜಿನಲ್ಲಿ ತಣ್ಣಗೆ. ಆದರೆ ಮದ್ದು ಮೈಗೆ ಒಗ್ಗದೆ ಏನಾದರೂ ಆದರೆ ಹೊಣೆ ಯಾರದು? ಆದ್ದರಿಂದ ಅವನಿಗೂ ಚೀಟಿ. ದಾರಿಯಲ್ಲಿ ಅವನು ತೀರಿಕೊಂಡರೆ ಅದು 108 ಆಂಬುಲೆನ್ಸಿನ ಲೆಕ್ಕ. ತಮ್ಮ ರಿಜಿಸ್ಟರಿನಲ್ಲಿ ಸಾವು ಸೊನ್ನೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕಲ್ಲವೇ? ವರದಿಯನ್ನಾದರೂ ತಾವು ಜಿಲ್ಲೆಗೆ ಬರೆದುಕೊಡದೆ ಸ್ವಹಸ್ತದಿಂದ ತುಂಬುತ್ತೀರೆಂದು ನಂಬಿದ್ದೇವೆ.

ಬಿಪಿ, ಶುಗರಿನ ಅಜ್ಜಿಯರನ್ನು ಸೋಮಾರಿಗಳಾಗಲು ಬಿಡದ ತಮ್ಮ ಕಾಳಜಿಗೂ ವಂದನೆಗಳು. ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಟ್ಟರೆ ಅವರು ಮನೆಯಲ್ಲೇ ಕೂತುಬಿಡುತ್ತಾರೆ. ವಾರಕ್ಕಷ್ಟೇ ಕೊಡುವುದರಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಳಿದು, ಸಾಲಿನಲ್ಲಿ ನಿಂತು, “ಸ್ಟಾಕಿಲ್ಲ, ಹೊರಗೆ ತಗೊಳ್ಳಿ” ಎಂಬ ಪ್ರಸಾದ ಪಡೆದು ಹೋಗುತ್ತಾರೆ. ಎದುರಿನ ಮೆಡಿಕಲ್ ಶಾಪಿಗೆ ಎರಡನೇ ಮಹಡಿ ಎದ್ದಿದೆ. ಆ ಅಂಗಡಿಯವರೂ ತಮ್ಮ ಹೆಸರು ಹೇಳಿ ದೀಪ ಹಚ್ಚುತ್ತಾರೆ.

ಆಯುಷ್ಮಾನ್ ಕಾರ್ಡು ಬಂದ ಮೇಲೆ ತಮ್ಮ ಚೀಟಿಗೆ ಇನ್ನಷ್ಟು ಮಹಿಮೆ. ತುರ್ತಲ್ಲದ ಕಾಯಿಲೆಗೆ ಆ ಕಾರ್ಡಿನ ಮೇಲೆ ಖಾಸಗಿ ಆಸ್ಪತ್ರೆ ಸೇರಬೇಕಾದರೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ದೂರ ಹೋಗುವುದು ತಪ್ಪಲೆಂದು ಕಟ್ಟಿಸಿದ ಆಸ್ಪತ್ರೆ, ದೂರ ಹೋಗಲು ರಹದಾರಿ ಕೊಡುವ ಕಚೇರಿಯಾದದ್ದು ನಮ್ಮ ಪೂರ್ವಜನ್ಮದ ಪುಣ್ಯವೇ ಇರಬೇಕು.

ರಾತ್ರಿ ಪಾಳಿಯ ಸಿಸ್ಟರ್ ಮೇಲೆ ಮಾತ್ರ ನಮ್ಮ ದೂರಿಲ್ಲ. ವಾರ್ಡನ್ನೂ ಹೆರಿಗೆ ಕೋಣೆಯನ್ನೂ ಕುಡಿದು ಬಂದವರ ಬೈಗುಳವನ್ನೂ ಆಕೆ ಒಬ್ಬರೇ ನಿಭಾಯಿಸುತ್ತಾರೆ. ಐದು ಖಾಲಿ ಕುರ್ಚಿಗಳ ಸಿಟ್ಟನ್ನು ನಾವೂ ಆಕೆಯ ಮೇಲೇ ತೀರಿಸಿಕೊಳ್ಳಲಿ ಎಂದು ಮೇಲಿನವರು ಮಾಡಿರುವ ಏರ್ಪಾಡು ಅಚ್ಚುಕಟ್ಟಾಗಿದೆ.

ಕೊನೆಯದಾಗಿ ಒಂದು ಅರಿಕೆ. ತಮ್ಮನ್ನು 100 ಹಾಸಿಗೆಗೆ ಏರಿಸಲು ಗುದ್ದಲಿ ಪೂಜೆಯಾಗಿದೆ ಎಂದು ಕೇಳಿ ಹೆದರಿದ್ದೇವೆ. ಹಾಸಿಗೆ ಬೇಡ ಸ್ವಾಮಿ, ಚಾಪೆ ನಾವೇ ತರುತ್ತೇವೆ. ಹೆರಿಗೆಯವರನ್ನೂ ಅರಿವಳಿಕೆಯವರನ್ನೂ ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ಇರಿಸಿಕೊಡಿ. ಅವರಿಗೆ ಸೋರದ ಕ್ವಾರ್ಟರ್ಸ್ ಕೊಡಿ. ಅದು ತಮ್ಮ ಅಧಿಕಾರದಲ್ಲಿಲ್ಲವಾದರೆ ಈ ಪತ್ರವನ್ನೂ ಜಿಲ್ಲೆಗೆ ಬರೆದುಕೊಡಿ. ಅಲ್ಲಿಂದ ಬೆಂಗಳೂರಿಗೆ ಅವರು ಬರೆದುಕೊಡುತ್ತಾರೆ.

ಇಂತಿ ತಮ್ಮ ಆಜ್ಞಾಧಾರಕ,
ತಮ್ಮ ವ್ಯಾಪ್ತಿಯ ಒಬ್ಬ ಫಲಾನುಭವಿ