ಲೆನ್ಸ್ ಕಾಕಾ

ಸಿದ್ದಾಪುರದಲ್ಲಿ ಯಾರಾದರೂ ಹೊಸ ಕ್ಯಾಮೆರಾ ಕೊಂಡರೆ, ಡಬ್ಬಿಯ ಟೇಪು ಬಿಚ್ಚುವ ಮೊದಲೇ ಸುದ್ದಿ ಲೆನ್ಸ್ ಕಾಕಾರ ಅಂಗಡಿ ಮುಟ್ಟಿರುತ್ತದೆ. ಕಾಕಾ "ಎಷ್ಟಕ್ಕ ಬಂತು?" ಎಂದು ಕೇಳುವುದಿಲ್ಲ. "ಯಾರನ್ನ ಕೇಳಿ ತಂದಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯುತ್ತರ ಒಂದೇ. ಅದನ್ನು ಹೇಳುವ ಭಾಗ್ಯ ಕೊಂಡವನಿಗೆ ಅಷ್ಟೊತ್ತಿಗಾಗಲೇ ತಪ್ಪಿಹೋಗಿರುತ್ತದೆ.

ಕಾಕಾರ ನಿಜವಾದ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಇದೆ. ಊರಿಗೆಲ್ಲ ಅವರು ಲೆನ್ಸ್ ಕಾಕಾ. ವೃತ್ತಿ ಭತ್ತದ ದಲಾಲಿ. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡು ಹಸಿರಾಗಿರುವ ಈ ಸೀಮೆಯಲ್ಲಿ, ಗಂಗಾವತಿಯಿಂದ ಕಾರಟಗಿವರೆಗೆ ಎತ್ತ ನೋಡಿದರೂ ಗದ್ದೆ, ಗದ್ದೆ ಮುಗಿದಲ್ಲಿ ರೈಸ್ ಮಿಲ್ಲು. ದಲಾಲಿ ಅಂಗಡಿಯ ಕಲೆ ಅಂಥಿಂಥದ್ದಲ್ಲ. 75 ಕೆ.ಜಿ. ಚೀಲದಿಂದ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಟಂ ಎನ್ನಿಸಿ, "ಹಸಿ ಐತಿ" ಎಂದರೆ ರೈತನ ಮುಖ ಸಣ್ಣದಾಗಬೇಕು, ರೇಟು ಇಳಿಯಬೇಕು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಕಾಕಾ, ಫೋಟೋಗ್ರಫಿಗೆ ಬಂದಾಗ ಕೈ ಬದಲಿಸಿದರೇ ಹೊರತು ಕಸುಬು ಬದಲಿಸಲಿಲ್ಲ. ನಮ್ಮ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕಣ್ಣು ಕಿರಿದು ಮಾಡಿ, ಒಂದು ನಿಟ್ಟುಸಿರು ಊದಿ, "ಜೊಳ್ಳು ಭಾಳ ಐತಿ" ಎನ್ನುತ್ತಾರೆ. ನಮ್ಮ ರೇಟು ಅಲ್ಲಿಗೇ ಇಳಿಯುತ್ತದೆ.

ಕಾಕಾರನ್ನು ದೂರದಿಂದಲೇ ಗುರುತಿಸಬಹುದು. ಸುಡುಬಿಸಿಲಲ್ಲೂ ಹದಿನಾರು ಜೇಬಿನ ಖಾಕಿ ಜಾಕೀಟು. ಒಂದು ಜೇಬಿನಲ್ಲಿ ಲೆನ್ಸ್ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಧೂಳು ಊದುವ ರಬ್ಬರ್ ಬುರುಡೆ, ಮತ್ತೊಂದರಲ್ಲಿ ಯಾರದೋ ಲೆನ್ಸಿನ ಮುಚ್ಚಳ. ಉಳಿದ ಹದಿಮೂರರಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಲೆನ್ಸಿಗೆ ಫಂಗಸ್ ಹತ್ತೀತು ಎಂಬ ಭಯ ಅವರಿಗೆ. ಮೇ ತಿಂಗಳ ಬಿಸಿಲಿಗೆ ಮನುಷ್ಯನೇ ಒಣಗಿ ಸಂಡಿಗೆಯಾಗುವ ಊರಿನಲ್ಲಿ ಫಂಗಸ್ಸಿಗೆ ಇಷ್ಟು ಹೆದರುವವರು ಅವರೊಬ್ಬರೇ.

ನಾನು ಕ್ಯಾಮೆರಾ ಕೊಂಡಾಗ ಮೊದಲ ದರ್ಶನಕ್ಕೆ ಹೋದೆ. ಜೊತೆಗೆ ಬಂದ 18-55 ಕಿಟ್ ಲೆನ್ಸ್ ನೋಡಿದವರೇ ಕಾಕಾ ಅದನ್ನು ಎರಡೇ ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

"ತಮ್ಮಾ, ಇದು ಲೆನ್ಸ್ ಅಲ್ಲ. ಕ್ಯಾಮೆರಾದ ಬಾಯಿಗೆ ಧೂಳು ಹೋಗಬಾರದಂತ ಕಂಪನಿಯವ್ರು ಹಾಕಿದ ಬೂಚು."

"ಮತ್ತ ಏನ್ ತಗೊಳ್ಲಿ ಕಾಕಾ?"

"ಫಿಫ್ಟಿ ಎಂಎಂ ತಗೋ. ಆಮ್ಯಾಲ ಟೂ ಹಂಡ್ರೆಡ್ ಫೈವ್ ಹಂಡ್ರೆಡ್ ತಗೋ. ಆಮ್ಯಾಲ ಬಾಡಿ ಬದಲಿ ಮಾಡು. ನಿಂದು ಕ್ರಾಪ್ ಸೆನ್ಸರ್ ಐತಿ."

ಪಕ್ಕದಲ್ಲಿ ಚೀಲದ ಮೇಲೆ ಕೂತಿದ್ದ ರೈತರೊಬ್ಬರು ಕುತೂಹಲದಿಂದ ಕೇಳಿದರು: "ಅದರಾಗೂ ಕ್ರಾಪ್ ಇನ್ಶೂರೆನ್ಸ್ ಐತೇನ್ರೀ?"

ಕಾಕಾರಿಗೆ ಸಿಟ್ಟು ಬರಲಿಲ್ಲ, ಪಾಠ ಶುರುವಾಯಿತು. ಕ್ರಾಪ್ ಸೆನ್ಸರ್ ಎಂದರೆ ಪಹಣಿಯಲ್ಲಿ ಎರಡೆಕರೆ, ಸರ್ವೆ ಮಾಡಿಸಿದರೆ ಒಂದೂಕಾಲು. ಅಪರ್ಚರ್ ಎಂದರೆ ನಾಲೆಯ ಗೇಟು. ನಂಬರು ಸಣ್ಣದಾದಷ್ಟೂ ಗೇಟು ಹೆಚ್ಚು ಎತ್ತಿದಂತೆ. ಶಟರ್ ಸ್ಪೀಡ್ ಎಂದರೆ ಗೇಟು ಎಷ್ಟು ಹೊತ್ತು ಎತ್ತಿಟ್ಟೆ ಎಂಬ ಲೆಕ್ಕ. ಐಎಸ್‌ಒ ಎಂದರೆ ಯೂರಿಯಾ. "ಜಾಸ್ತಿ ಹಾಕಿದ್ರ ಗದ್ದಿ ಕಪ್ಪಗ ಕಾಣ್ತೈತಿ, ಕಾಳು ಹಿಡಿಯಂಗಿಲ್ಲ." ಸಂಜೆ ಹೊತ್ತು ಮಬ್ಬಿನಲ್ಲಿ ಫೋಟೋ ತೆಗೆಯುವವರು ನಾಲೆಯ ಕೊನೆಭಾಗದ ರೈತರು, ಅವರಿಗೆ ಗೇಟು ಪೂರ್ತಿ ಎತ್ತಿದರೂ ನೀರು ಸಾಲದು, ಯೂರಿಯಾ ಸುರಿಯದೆ ಗತಿಯಿಲ್ಲ. ಇನ್ನು ರಾ ಫೈಲ್ ಎಂದರೆ ನೆಲ್ಲು, ಜೆಪೆಗ್ ಎಂದರೆ ಅಕ್ಕಿ, ಲೈಟ್‌ರೂಮ್ ಎಂದರೆ ಮಿಲ್ಲು. "ಮಿಲ್ಲಿನಾಗ ಪಾಲಿಶ್ ಜಾಸ್ತಿ ಮಾಡಿದ್ರ ಅಕ್ಕಿ ಬೆಳ್ಳಗ ಆಗ್ತೈತಿ, ಸತ್ವ ಎಲ್ಲಾ ತೌಡಿನಾಗ ಹೋಗ್ತೈತಿ."

ಚೀಲದ ಮೇಲಿನ ರೈತರಿಗೆ ಎಲ್ಲ ತಿಳಿಯಿತು. ನಾನು ಅದೇ ವಿಷಯವನ್ನು ಒಂದು ತಿಂಗಳು ವಿಡಿಯೋ ನೋಡಿ ಕಲಿಯಲಾರದೆ ಹೋಗಿದ್ದೆ. ಕಾಕಾರನ್ನು ಎಷ್ಟೇ ಆಡಿಕೊಂಡರೂ ಈ ಮಾತು ಒಪ್ಪಲೇಬೇಕು: ಅವರು ಹೇಳುವುದರಲ್ಲಿ ತಪ್ಪು ಹುಡುಕುವುದು ಕಷ್ಟ. ಅವರು ತೆಗೆದ ಫೋಟೋದಲ್ಲಿ ತಪ್ಪು ಹುಡುಕುವುದು ಅದಕ್ಕಿಂತ ಕಷ್ಟ, ಏಕೆಂದರೆ ಅದನ್ನು ಯಾರೂ ನೋಡಿಲ್ಲ. ಕೇಳಿದರೆ, "ಹಾರ್ಡ್ ಡಿಸ್ಕಿನಾಗ ಅದಾವು. ಎಲ್ಲಾ ರಾ. ಇನ್ನೂ ಮಿಲ್ಲಿಗೆ ಹಾಕಿಲ್ಲ" ಎನ್ನುತ್ತಾರೆ. ರೇಟು ಬರಲೆಂದು ಗೋದಾಮಿನಲ್ಲಿ ನೆಲ್ಲು ತಡೆಹಿಡಿಯುವುದು ದಲಾಲರಿಗೆ ಹೊಸದಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಟ್ಟೆಗಳ ನಡುವೆ ನಮ್ಮ ಫೋಟೋಗಳ ಪಂಚಾಯಿತಿ ಸೇರುತ್ತದೆ. ಸದಸ್ಯರಲ್ಲಿ ಕ್ಯಾನನ್ ಪಕ್ಷದವರು, ನಿಕಾನ್ ಪಕ್ಷದವರು ಎಂದು ಎರಡು ಬಣ. ಕೆಲವರು ಇತ್ತೀಚೆಗೆ ಸೋನಿಗೆ ಪಕ್ಷಾಂತರ ಮಾಡಿದ್ದಾರೆ. ರಾಜಕೀಯದ ಪಕ್ಷಾಂತರದಲ್ಲಿ ಹಿಂಬಾಲಕರೂ ಜೊತೆಗೆ ಬರುತ್ತಾರೆ. ಇಲ್ಲಿ ಹಳೆಯ ಲೆನ್ಸುಗಳು ಬರುವುದಿಲ್ಲ, ಅವನ್ನು ಮಾರಿಯೇ ಹೋಗಬೇಕು. ಅವುಗಳ ವ್ಯಾಪಾರವೂ ಕಾಕಾರ ಮೂಲಕವೇ. ದಲಾಲಿ ಮಾತ್ರ ಮುಟ್ಟುವುದಿಲ್ಲ, ಮಿರ್ಚಿ ತಿನ್ನುತ್ತಾರೆ.

ಸಭೆಯಲ್ಲಿ ಒಬ್ಬೊಬ್ಬರ ಫೋನೂ ಸರದಿಯಂತೆ ಕಾಕಾರ ಕೈಗೆ ಹೋಗುತ್ತದೆ. ನಾಲೆಯ ಮೇಲಿನ ತಂತಿಯಲ್ಲಿ ಕೂತ ಮಿಂಚುಳ್ಳಿಯ ಫೋಟೋಕ್ಕೆ "ನುಚ್ಚು" ಎಂಬ ತೀರ್ಪು ಬಂತೆಂದರೆ ಯೂರಿಯಾ ಜಾಸ್ತಿಯಾಗಿ ಚಿತ್ರವೆಲ್ಲ ಕಾಳು ಕಾಳಾಗಿದೆ ಎಂದರ್ಥ. ಆಕಾಶ ಪೂರ್ತಿ ಬಿಳುಚಿದ್ದರೆ "ಹತ್ತೊಂಬತ್ತನೇ ಗೇಟು" ಎನ್ನುತ್ತಾರೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋಗಿ, ಕಣ್ಣೆದುರೇ ನೀರು ಹರಿದುಹೋದದ್ದನ್ನು ನೋಡಿದ ನಮಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ದಿಗಂತ ಓರೆಯಾಗಿದ್ದರೆ, "ಹೊರೈಜಾನ್ ವಾಲೈತಿ, ಹೊಳಿ ಚೆಲ್ಲಾಕತ್ತೈತಿ ನೋಡು" ಎಂದು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ, ನೀರು ತಮ್ಮ ಮಿರ್ಚಿಗೆ ಬಂದೀತು ಎಂಬಂತೆ.

ಅತಿ ದೊಡ್ಡ ಅಪರಾಧ ಮನುಷ್ಯನನ್ನು ಫೋಟೋದ ನಟ್ಟನಡುವೆ ನಿಲ್ಲಿಸುವುದು. "ಚೌಕಟ್ಟು ಅಂದ್ರ ಮೂರು ಮಂದಿ ಅಣ್ತಮ್ರು ಪಾಲು ಮಾಡ್ಕೊಂಡ ಹೊಲ. ಉದ್ದಕ ಎರಡು ಬದು, ಅಡ್ಡ ಎರಡು ಬದು. ಬದು ಕೂಡೋ ಜಾಗದಾಗ ಮನಿಷ್ಯಾನ್ನ ನಿಂದರ್ಸು. ನಡುವ ನಿಂದರ್ಸಿದ್ರ ಕೋರ್ಟಿಗೆ ಹೋಗ್ತೈತಿ."

ಈ ಸಭೆಯಲ್ಲಿ ಬಾಯಿ ಬಿಡದವರು ಒಬ್ಬರೇ, ನಮ್ಮೂರ ಸ್ಟುಡಿಯೋದವರು. ಫೋಟೋ ತೆಗೆದು ಹೊಟ್ಟೆ ತುಂಬಿಸಿಕೊಳ್ಳುವವರೂ ಅವರೊಬ್ಬರೇ. ಸೀಮಂತದಿಂದ ಹಿಡಿದು ತೀರಿಕೊಂಡವರ ಫೋಟೋಕ್ಕೆ ಚೌಕಟ್ಟು ಹಾಕುವವರೆಗೆ ಊರಿನ ಪ್ರತಿ ಮುಖವೂ ಅವರ ಕೈ ಹಾದಿದೆ. ಯಾವ ಫೋಟೋ ತೋರಿಸಿದರೂ "ಚೊಲೋ ಐತ್ರಿ" ಎಂದು ಚಹಾ ಕುಡಿಯುತ್ತಾರೆ. ಅವರ ಅಭಿಪ್ರಾಯವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ವೃತ್ತಿಪರರು, ಕಲೆ ಗೊತ್ತಿಲ್ಲ.

ವರ್ಷಕ್ಕೊಮ್ಮೆ ಕಾಕಾರ ನೇತೃತ್ವದಲ್ಲಿ ಪ್ರವಾಸ. ಕಳೆದ ಸಲ ಹಿರೇಬೆಣಕಲ್ ಗುಡ್ಡಕ್ಕೆ ಹೋದೆವು. ಗಂಗಾವತಿ ತಾಲ್ಲೂಕಿನ ಈ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಸುತ್ತಲಿನವರು ಅವನ್ನು ಮೋರೇರ ಮನೆಗಳು ಎನ್ನುತ್ತಾರೆ. ಕಾಕಾರ ಆಜ್ಞೆಯಂತೆ ಗೋಲ್ಡನ್ ಅವರ್ ಹಿಡಿಯಲು ಕತ್ತಲಲ್ಲೇ ಗುಡ್ಡ ಹತ್ತಿದೆವು. ಅವರ ಬ್ಯಾಗು ಒಬ್ಬನ ಬೆನ್ನಿಗೆ, ಟ್ರೈಪಾಡು ಇನ್ನೊಬ್ಬನ ಹೆಗಲಿಗೆ. ಕಾಕಾರ ಕೈಯಲ್ಲಿ ಸಲಹೆ ಮಾತ್ರ.

ದಾರಿಯುದ್ದಕ್ಕೂ ಕತೆ. 1856ರಲ್ಲಿ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ, ಹೊಳೆಯಾಚೆಯ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಹಂಪಿಯ ಗುಡಿಗೋಪುರಗಳು ಆಗ ಹೇಗಿದ್ದವೆಂದು ಇಂದಿಗೂ ಆ ಚಿತ್ರಗಳನ್ನೇ ನೋಡುತ್ತಾರೆ. ಆಮೇಲೆ ಸಂಡೂರಿನ ಎಂ.ವೈ. ಘೋರ್ಪಡೆಯವರ ಕತೆ. ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೊರದೇಶದಲ್ಲೂ ಹೆಸರಾದವರು. "ಅದಕ್ಕ ನೋಡು, ಒಳ್ಳೆ ಲೆನ್ಸ್ ತಗೋಬೇಕಂದ್ರ ಬಜೆಟ್ ಮಂಡಿಸೋ ತಾಕತ್ತು ಬೇಕು" ಎಂದು ಕಾಕಾ ನೀತಿ ಹೇಳಿದರು. ನನಗೆ ತೋಚಿದ ನೀತಿ ಬೇರೆ. ಗ್ರೀನ್‌ಲಾ ಸಾಹೇಬನ ಜೊತೆ ಹಂಪಿಯ ಬಂಡೆ ಹತ್ತಿ "ಹೊರೈಜಾನ್ ವಾಲೈತಿ" ಎನ್ನುವವರು ಯಾರೂ ಇರಲಿಲ್ಲ.

ಮೇಲೆ ಮುಟ್ಟಿದಾಗ ಮೂಡಣ ಕೆಂಪಾಗಿತ್ತು. ಕಾಕಾ ಟ್ರೈಪಾಡ್ ನೆಟ್ಟರು. ಲೆನ್ಸ್ ಹಾಕಿದರು, ತೆಗೆದರು, ಇನ್ನೊಂದು ಹಾಕಿದರು. ಧೂಳು ಊದಿದರು. ಫಿಲ್ಟರ್ ತಿರುವಿದರು. ಗಾಳಿಗೆ ಟ್ರೈಪಾಡ್ ಅಲ್ಲಾಡದಿರಲೆಂದು ಕೆಳಗೆ ಬ್ಯಾಗು ತೂಗುಬಿಟ್ಟರು. ಬ್ಯಾಗಿನಲ್ಲಿ ರಿಮೋಟ್ ಇತ್ತೆಂದು ಬ್ಯಾಗು ಬಿಚ್ಚಿದರು. ಅಷ್ಟರಲ್ಲಿ ಸೂರ್ಯ ತನ್ನ ಪಾಡಿಗೆ ಎರಡಾಳು ಎತ್ತರ ಬಂದಿದ್ದ.

"ಬೆಳಕು ಹಾರ್ಡ್ ಆತು. ಇನ್ನ ತೆಗಿಯಂಗಿಲ್ಲ," ಎಂದು ಕಾಕಾ ಬಿಚ್ಚಿದ್ದೆಲ್ಲ ಮತ್ತೆ ಕಟ್ಟಿದರು.

ಅಲ್ಲೇ ಕಲ್ಲಿನ ಮೇಲೆ ಕೂತಿದ್ದ ಕುರಿಗಾಹಿ ಹುಡುಗ ತನ್ನ ಫೋನು ಚಾಚಿದ. ಅವನೂ ಒಂದು ಫೋಟೋ ತೆಗೆದಿದ್ದ. ಕಲ್ಲುಮನೆಗಳ ನಡುವೆ ಹಾಯುವ ಕುರಿ ಹಿಂಡು, ಎದುರುಬೆಳಕಿಗೆ ಪ್ರತಿ ಕುರಿಯ ಬೆನ್ನ ಮೇಲೂ ಒಂದೊಂದು ಹೊನ್ನಿನ ಗೆರೆ. ನಾವೆಲ್ಲ ಸುಮ್ಮನಾದೆವು. ಕಾಕಾ ಎರಡು ಬೆರಳು ಹಚ್ಚಿ ಹಿಗ್ಗಿಸಿದರು.

"ನುಚ್ಚು ಭಾಳ ಐತಿ."

"ಇರ್ಲಿ ಬಿಡ್ರಿ ಕಾಕಾ. ಕುರಿ ಎಲ್ಲಾ ಅದಾವು, ಎಣಿಸೀನಿ," ಎಂದ ಹುಡುಗ. ಅವನು ಫೋಟೋ ತೆಗೆದದ್ದೇ ಅದಕ್ಕೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಾಕಾರ ಚಿತ್ರ ಅರ್ಧ ಕ್ರಾಪ್ ಆದಂತೆ. ಒಂದು ಬೇಸಿಗೆ ಬೆಳೆ ಕೊಯ್ಲಿಗೆ ನಿಂತಿದ್ದಾಗ ರಾತ್ರಿ ಗಾಳಿಮಳೆ, ಜೊತೆಗೆ ಆಲಿಕಲ್ಲು. ಬೆಳಗಾಗುವಷ್ಟರಲ್ಲಿ ಗದ್ದೆಗಳು ಚಾಪೆ ಹಾಸಿದಂತೆ ಮಲಗಿದ್ದವು. ಪರಿಹಾರದ ಅರ್ಜಿಗೆ ಫೋಟೋ ಬೇಕು, ರೈತ ಹೊಲದಲ್ಲೇ ನಿಂತಿರಬೇಕು, ಮುಖ ಕಾಣಬೇಕು ಎಂದರು. ಒಳ್ಳೆ ಫೋನಿದ್ದವರು ತಾವೇ ತೆಗೆದುಕೊಂಡರು. ಕೀಪ್ಯಾಡ್ ಫೋನಿನ ಹಿರಿಯರು ಸ್ಟುಡಿಯೋಕ್ಕೆ ಹೋದರೆ ಅದಕ್ಕೆ ಬೀಗ. ಮದುವೆ ಸುಗ್ಗಿ, ಅವರು ಯಾವುದೋ ಊರಿನ ಅಕ್ಷತೆಯಲ್ಲಿದ್ದರು. ಹಿರಿಯರು ಕಾಕಾರ ಅಂಗಡಿ ಮುಂದೆ ಬಂದು ನಿಂತರು.

ಕಾಕಾ ತಮ್ಮ ದೊಡ್ಡ ಲೆನ್ಸ್ ಹಿಡಿದು ಬದುವಿನ ಮೇಲೆ ನಿಂತರು. ಅದರಲ್ಲಿ ಮುದುಕನ ಮೂಗು ಕಂಡಿತು, ಹೊಲ ಕಾಣಲಿಲ್ಲ. ಹಿಂದಕ್ಕೆ ಸರಿದರು, ನಾಲೆ ಅಡ್ಡ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ನೋಡದೆ ಕೈ ಚಾಚಿದರು.

"ಆ ಬೂಚು ಕೊಡು."

ಜಾಕೀಟು ಬದುವಿನ ಮೇಲೆ ಬಿತ್ತು. ಕಾಕಾ ಮೊಣಕಾಲುಮಟ ಕೆಸರಲ್ಲಿ ಇಳಿದರು. ನೆತ್ತಿ ಮೇಲೆ ಹನ್ನೆರಡರ ಬಿಸಿಲು. ಆ ಹೊತ್ತಿನಲ್ಲಿ ಕ್ಯಾಮೆರಾ ಹೊರಗೆ ತೆಗೆಯುವವನು ಫೋಟೋಗ್ರಾಫರನೇ ಅಲ್ಲ ಎಂದು ಅವರೇ ನಮಗೆ ನೂರು ಸಲ ಹೇಳಿದ್ದರು. "ಯಜಮಾನ್ರ, ನಡುವ ನಿಂದರ್ರಿ. ಇನ್ನಾ ನಡುವ. ಮುಖ ಎತ್ರಿ." ಸಂಜೆಯೊಳಗೆ ಮೂವತ್ತೊಂದು ಮಂದಿ, ಮೂವತ್ತೊಂದು ಹೊಲ, ಎಲ್ಲರೂ ನಟ್ಟನಡುವೆ. ಅದರಲ್ಲಿ ಅರ್ಧ ಹೊಲದ ನೆಲ್ಲು ಕಾಕಾರ ಅಂಗಡಿಗೇ ಬರಬೇಕಾಗಿದ್ದದ್ದು, ಮುಂಗಡ ಕೊಟ್ಟಾಗಿತ್ತು. ಹೀಗಾಗಿ ಇದನ್ನು ನಿಸ್ವಾರ್ಥ ಸೇವೆ ಎಂದು ಬರೆದರೆ ಮೊದಲು ನಗುವವರು ಕಾಕಾರೇ. ಆದರೆ ಉಳಿದರ್ಧ ಬೇರೆಯವರದ್ದು.

ಲೆನ್ಸ್ ವಾಪಸು ಕೊಡುವಾಗ ಹೊಗಳಲಿಲ್ಲ. "ಒರಸ್ಕೋ, ಕೆಸರು ಹತ್ತೈತಿ" ಎಂದರು.

ಮುಂದಿನ ಭಾನುವಾರ ಆ ಫೋಟೋಗಳು ಮಿರ್ಚಿ ಮೇಜಿಗೆ ಬಂದವು. ನಮ್ಮಲ್ಲೊಬ್ಬ ಎಷ್ಟೋ ವರ್ಷದ ಸೇಡು ತೀರಿಸಿಕೊಳ್ಳಲು ಎರಡು ಬೆರಳು ಹಚ್ಚಿ ಹಿಗ್ಗಿಸಿ, "ಕಾಕಾ, ಹೊರೈಜಾನ್ ವಾಲೈತ್ರಿ" ಎಂದ.

"ಬೆಳಿನ ಮಕ್ಕೊಂಡೈತಿ, ಹೊರೈಜಾನ್ ಹೆಂಗ ನಿಂತೀತೋ? ಮಿರ್ಚಿ ತಿನ್ನು," ಎಂದರು ಕಾಕಾ.

ಸ್ಟುಡಿಯೋದವರು ಎಲ್ಲ ಫೋಟೋ ನೋಡಿ "ಚೊಲೋ ಅದಾವ್ರಿ" ಎಂದು ಚಹಾ ಕುಡಿದರು. ಅವರ ಮಾತನ್ನು ನಾವು ಲೆಕ್ಕಕ್ಕೆ ಹಿಡಿದದ್ದು ಅದೇ ಮೊದಲು.

ಹಾರ್ಡ್ ಡಿಸ್ಕು ಇನ್ನೂ ಮಿಲ್ಲಿಗೆ ಹೋಗಿಲ್ಲ. ಇಲ್ಲಿವರೆಗೆ ಬೆಳಕು ಕಂಡ ಕಾಕಾರ ಕೃತಿಗಳು ಆ ಮೂವತ್ತೊಂದೇ. ಅವೂ ಅರ್ಜಿಗಳಿಗೆ ಗೋಂದು ಹಚ್ಚಿಸಿಕೊಂಡು ಯಾವುದೋ ಕಡತದಲ್ಲಿ ಕೂತಿವೆ. ನೀವು ಕ್ಯಾಮೆರಾ ಹಿಡಿದು ಸಿದ್ದಾಪುರದ ಕಡೆ ಬರುವುದಾದರೆ ಕಿಟ್ ಲೆನ್ಸ್ ಮರೆಯದೆ ತನ್ನಿ. ಬೈಸಿಕೊಳ್ಳಲೂ ಆಗುತ್ತದೆ, ಕಾಕಾ ಕೈ ಚಾಚಿದಾಗ ಕೊಡಲೂ ಆಗುತ್ತದೆ.