ಡ್ರೈವರ್ ಜೊತೆ ಸಂಸಾರ

ಬೆಂಗಳೂರಿನ ರೈಲಿಳಿದು ಆಲುವದಲ್ಲಿ ಕಾಲಡಿ ಬಸ್ಸಿಗೆ ಕಾಯುವ ಕನ್ನಡಿಗನಿಗೆ ಮಲಯಾಳಂ ಬಾರದಿದ್ದರೆ ತೊಂದರೆಯಿಲ್ಲ. ಅರ್ಧಂಬರ್ಧ ತಿಳಿದಂತಾಗುತ್ತದಲ್ಲ, ತೊಂದರೆ ಅಲ್ಲಿ. ಜೊತೆಗಿದ್ದ ಕಾಸರಗೋಡಿನ ಭಾವನಿಗೆ ಎರಡೂ ಲಿಪಿ ಬರುತ್ತದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಬೇರೆ. ಪೇಪರ್ ಬಿಡಿಸಿ, “ಮಂತ್ರಿ ರಾಜಿ ವೆಚ್ಚು” ಎಂದ.

“ಇದೂ ಒಂದು ಸುದ್ದಿಯೇ? ನಮ್ಮಲ್ಲಿ ದಿನಾ ಆಗ್ತಾರೆ” ಎಂದರು ಅತ್ತೆ.

ಅಲ್ಲಿ ರಾಜಿ ಎಂದರೆ ರಾಜೀನಾಮೆ. ನಮ್ಮ ರಾಜಿಯಲ್ಲೂ ನಾಮ ಇದ್ದೇ ಇರುತ್ತದೆ, ಬೀಳುವುದು ಮತದಾರನಿಗೆ.

ಹೋಟೆಲಿನ ಬೋರ್ಡಿನಲ್ಲಿ ‘ಉಚ್ಚಯೂಣ್’. ಉಚ್ಚ ಎಂದರೆ ನಡುಹಗಲು, ಊಣ್ ಎಂದರೆ ಊಟ. ಭಾವ ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಒಳಗೆ ಕಾಲಿಡಲಿಲ್ಲ, ಅಲ್ಲೇ ಚಿತ್ರಾನ್ನದ ಡಬ್ಬಿ ತೆಗೆದರು. ಅರ್ಥ ತಿಳಿಯಿತು, ವಾಸನೆ ಹೋಗಲಿಲ್ಲ.

ಬಸ್ಸಿನಲ್ಲಿ ಡ್ರೈವರ್ ಜೊತೆ ‘ಸಂಸಾರಿಕ್ಕ’ಬಾರದೆಂಬ ಸೂಚನೆ. ಮಲಯಾಳಿಗೆ ಸಂಸಾರವೆಂದರೆ ಮಾತುಕತೆ. ನಮಗೋ ಅದು ಹೆಂಡತಿ, ಮಕ್ಕಳು, ಗ್ಯಾಸ್ ಸಿಲಿಂಡರು, ಸ್ಕೂಲ್ ಫೀಸು, ಮಾವನವರ ಮಂಡಿನೋವು. ಹೆಂಡತಿಯ ಹೆಸರೆತ್ತಲು ನಾಚುತ್ತಿದ್ದ ಹಿಂದಿನವರು ‘ನಮ್ಮ ಸಂಸಾರ ಊರಿಗೆ ಹೋಗಿದೆ’ ಎನ್ನುತ್ತಿದ್ದರು. ಮಲಯಾಳಿ ಕಿವಿಗೆ ಮಾತುಕತೆ ಊರಿಗೆ ಹೋಗಿದೆ ಎಂದು ಕೇಳಿಸೀತು, ಅದೂ ಸುಳ್ಳಲ್ಲ.

ಕಾಲಡಿಯ ಹೊಳೆಯಲ್ಲಿ ಮೊಸಳೆ ಕಾಲು ಹಿಡಿದಾಗ ತಾಯಿಯಿಂದ ಸನ್ಯಾಸಕ್ಕೆ ಒಪ್ಪಿಗೆ ಪಡೆದು ಶಂಕರರು ಸಂಸಾರ ಬಿಟ್ಟರೆಂದು ಐತಿಹ್ಯ. ಬಿಟ್ಟದ್ದು ನಮ್ಮ ಸಂಸಾರವನ್ನು. ಮಲಯಾಳದ್ದನ್ನು ಕಟ್ಟಿಕೊಂಡೇ ದೇಶ ಸುತ್ತಿದರು. ಮಂಡನಮಿಶ್ರರೊಡನೆ ನಡೆದ ಆ ದೀರ್ಘ ಸಂಸಾರಕ್ಕಂತೂ ಮಿಶ್ರರ ಹೆಂಡತಿ ಉಭಯಭಾರತಿಯೇ ಮಧ್ಯಸ್ಥೆ! ಆಕೆಯೇ ಶೃಂಗೇರಿಯ ಶಾರದೆ ಎಂದು ನಮ್ಮವರ ನಂಬಿಕೆ. 1910ರಲ್ಲಿ ಕಾಲಡಿಯಲ್ಲಿ ಶಂಕರರಿಗೂ ಶಾರದೆಗೂ ಗುಡಿ ಕಟ್ಟಿಸಿದ್ದು ಶೃಂಗೇರಿ ಮಠವೇ.

ಅದೇ ಪೆರಿಯಾರ್ ಹೊಳೆಯ ದಂಡೆಯಲ್ಲಿ, ಆಲುವದ ಅದ್ವೈತಾಶ್ರಮದಲ್ಲಿ, 1924ರ ಶಿವರಾತ್ರಿಗೆ ನಾರಾಯಣ ಗುರುಗಳು ಸರ್ವಮತ ಸಮ್ಮೇಳನ ಸೇರಿಸಿದರು. ವಾದ ಮಾಡಿ ಗೆಲ್ಲಲು ಯಾರೂ ಬರಬೇಕಿಲ್ಲ, ತಿಳಿಯಲು, ತಿಳಿಸಲು ಬಂದರೆ ಸಾಕು ಎಂಬುದು ಅದರ ಕಟ್ಟಳೆ. ಸಂಸಾರ ಎಂದರೆ ಅದು, ಎರಡೂ ಭಾಷೆಯಲ್ಲಿ. ಆದರೆ ‘ಸರ್ವಮತ’ ಎಂದೊಡನೆ ನಮ್ಮ ಕಡೆಯ ರಾಜಕಾರಣಿಯ ಕಿವಿ ನೆಟ್ಟಗಾಗುತ್ತದೆ. ಮಲಯಾಳಿಗಳು ಧರ್ಮಕ್ಕೆ ಮತ, ಪೆಟ್ಟಿಗೆಗೆ ಹಾಕುವುದಕ್ಕೆ ಓಟು ಎಂದು ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಾವು ಎರಡಕ್ಕೂ ಒಂದೇ ಪದದಲ್ಲಿ ಸುಧಾರಿಸುತ್ತೇವೆ. ಚುನಾವಣೆ ಹತ್ತಿರ ಬಂದಾಗ ಅನುಕೂಲವೇ.